ಡ್ರಮ್‌ಸೆಟ್ ಇಲ್ಲದ ಜಾಝ್

ಪ್ರಶ್ನೆ: ಕ್ಯೂಬಾದ ಪಿಯಾನೊ ವಾದಕ ಚೂಚೊ ವಾಲ್ಡೆಸ್ ಅವರ ಆರಂಭದ ಆಲ್ಬಂ ‘ಜಾಝ್ ಬಾಟಾ’ ಕೇಳಿದೆ. ಹೆಸರಿನಲ್ಲಿ ಜಾಝ್ ಇದ್ದರೂ ಅದರಲ್ಲಿ ಡ್ರಮ್‌ಸೆಟ್ಟೇ ಇಲ್ಲ. ಈ ಸಂಗೀತ ಯಾವ ಪ್ರಭಾವಗಳಿಂದ ರೂಪುಗೊಂಡಿತು?

ಉತ್ತರ: ನೀವು ಗಮನಿಸಿದ ಆ ಇಲ್ಲದಿರುವಿಕೆಯೇ 1972ರ ಈ ಆಲ್ಬಮ್ಮಿನ ಜೀವಾಳ. ನುಡಿಸಿದವರು ಮೂವರೇ: ಪಿಯಾನೊದಲ್ಲಿ ಚೂಚೊ, ಬೇಸ್‌ನಲ್ಲಿ ಕಾರ್ಲೋಸ್ ದೆಲ್ ಪುಯೆರ್ತೊ, ತಾಳವಾದ್ಯಗಳಲ್ಲಿ ಆಸ್ಕರ್ ವಾಲ್ಡೆಸ್. ಅಮೆರಿಕದ ಜಾಝ್ ತ್ರಿವಳಿಗಳಲ್ಲಿ ಡ್ರಮ್‌ಸೆಟ್ಟಿಗೆ ಮೀಸಲಾದ ಜಾಗವನ್ನು ಇಲ್ಲಿ ಬಾಟಾ ವಹಿಸಿಕೊಂಡಿದೆ.

ಗುಲಾಮರಾಗಿ ಕ್ಯೂಬಾಕ್ಕೆ ಸಾಗಿಸಲ್ಪಟ್ಟ ಪಶ್ಚಿಮ ಆಫ್ರಿಕಾದ ಯೊರುಬಾ ಜನರು ನೆನಪಿನಲ್ಲಿ ಹೊತ್ತು ತಂದು, ಒರಿಶಾ ದೇವತೆಗಳ ಆರಾಧನೆಯಲ್ಲಿ ಉಳಿಸಿಕೊಂಡ ವಾದ್ಯ ಈ ಬಾಟಾ. ಇದು ಮೂರು ಮದ್ದಳೆಗಳ ಕುಟುಂಬ. ಪ್ರತಿಯೊಂದಕ್ಕೂ ಒಂದು ದೊಡ್ಡ, ಒಂದು ಸಣ್ಣ ಮುಖ. ಪುಟ್ಟ ಒಕೊಂಕೊಲೊ ಬಿಡದೆ ಲೆಕ್ಕ ಹಿಡಿದಿದ್ದರೆ, ‘ತಾಯಿ’ ಎಂಬ ಅರ್ಥದ ದೊಡ್ಡ ಇಯಾ ಮಾತು ತೆಗೆಯುತ್ತದೆ, ನಡುವಿನ ಇತೊತೆಲೆ ಅದಕ್ಕೆ ಓಗೊಡುತ್ತದೆ. ಈ ಸಂವಾದದ ಗುಣವೇ ಚೂಚೊ ಅವರ ಪಿಯಾನೊವನ್ನು ಬದಲಿಸಿತು ಎಂಬುದು ನನ್ನ ಅಭಿಪ್ರಾಯ. ಡ್ರಮ್‌ಸೆಟ್ಟಿನ ಲೋಹದ ತಟ್ಟೆಯಾದ ಸಿಂಬಲ್ ಎಡೆಬಿಡದೆ ಹರಡುವ ಲಯದ ಆಸರೆ ಇಲ್ಲದ ಕಾರಣ ಎಡಗೈ ತಾನೇ ಒಂದು ಮದ್ದಳೆಯಾಗಬೇಕಾಗುತ್ತದೆ. ಬಲಗೈ ಮಾತ್ರ ಅಮೆರಿಕದ ಜಾಝ್ ಪಿಯಾನೊ ವಾದಕರಾದ ಆರ್ಟ್ ಟೇಟಮ್ ಮತ್ತು ಮೆಕಾಯ್ ಟೈನರ್ ಅವರಂಥವರಿಂದ ಕಲಿತ ಸ್ವಾತಂತ್ರ್ಯದಲ್ಲಿ ಓಡುತ್ತದೆ. ಹವಾನಾದಲ್ಲಿ ಕಲಿತ ಐರೋಪ್ಯ ಶಾಸ್ತ್ರೀಯ ಪಿಯಾನೊ ಬೆರಳುಗಳಿಗೆ ಬಲ ಕೊಟ್ಟಿತ್ತು.

ಇವೆಲ್ಲಕ್ಕಿಂತ ಹತ್ತಿರದ ಪ್ರಭಾವ ತಂದೆಯದು. ಹವಾನಾದ ಟ್ರೊಪಿಕಾನಾ ನೈಟ್‌ಕ್ಲಬ್ಬಿನ ಪಿಯಾನೊ ವಾದಕರಾಗಿದ್ದ ಬೆಬೊ ವಾಲ್ಡೆಸ್ 1952ರಲ್ಲಿಯೇ ‘ಬಟಾಂಗಾ’ ಎಂಬ ಹೊಸ ಲಯವನ್ನು ಕಟ್ಟಿ, ಆರಾಧನೆಯ ಬಾಟಾವನ್ನು ದೊಡ್ಡ ವಾದ್ಯವೃಂದದೊಳಗೆ ಕರೆತಂದಿದ್ದರು. 1960ರಲ್ಲಿ ಅವರು ಕ್ಯೂಬಾ ತೊರೆದರು. ಚೂಚೊ ಅಲ್ಲಿಯೇ ಉಳಿದರು. ತಂದೆ ದೊಡ್ಡ ಬ್ಯಾಂಡಿನಲ್ಲಿ ಮಾಡಿದ್ದನ್ನು ಮಗ ಮೂವರಿಗೆ ಇಳಿಸಿ, ಮುಚ್ಚುಮರೆಯಿಲ್ಲದಂತೆ ಕೇಳಿಸಿದ್ದಾರೆ. ಅದಕ್ಕಾಗಿಯೇ ಈ ಆಲ್ಬಂ ನನಗೆ ಅಷ್ಟು ಆಪ್ತ.

1973ರಲ್ಲಿ ಚೂಚೊ ಸ್ಥಾಪಿಸಿದ ‘ಇರಾಕೆರೆ’ ತಂಡಕ್ಕೆ ಇದೇ ಇಬ್ಬರು ಸಂಗಾತಿಗಳೂ ಬಂದರು. ಕಹಳೆ, ಸ್ಯಾಕ್ಸೊಫೋನ್‌ಗಳೂ ಸೇರಿಕೊಂಡವು. ಡ್ರಮ್‌ಸೆಟ್ ಇಲ್ಲದ ಆ ಹಳೆಯ ಕಲ್ಪನೆಗೆ ಚೂಚೊ ಮತ್ತೆ ಮರಳಿದ್ದು 2018ರ ‘ಜಾಝ್ ಬಾಟಾ 2’ ಆಲ್ಬಮ್ಮಿನಲ್ಲಿ.