ಆಸ್ಪ್ರೇ ಮೀನು ಹಿಡಿಯುವ ಚಿತ್ರ ಮಸುಕಾಗುತ್ತಿದೆ, ಕ್ಯಾಮೆರಾ ಬದಲಿಸಲೇ?

500 ಎಂಎಂ ಲೆನ್ಸ್ ಇದ್ದರೂ ಆಸ್ಪ್ರೇ ಎಂಬ ಮೀನುಬೇಟೆಯ ಹಕ್ಕಿ ನೀರಿಗೆ ಎರಗುವ ಚಿತ್ರ ಪ್ರತಿಸಲ ಮಸುಕಾಗುತ್ತದೆ, ಹೊಸ ಕ್ಯಾಮೆರಾ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ. ನಿಮ್ಮ ಲೆನ್ಸ್ ಧಾರಾಳವಾಗಿ ಸಾಕು. ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಕೊಳ್ಳಿ.

ಈ ಹಕ್ಕಿಯ ಬೆನ್ನು ಹತ್ತಿದ ಮೊದಲ ವರ್ಷ ನಾನು ಬೆಳಕನ್ನಷ್ಟೇ ಲೆಕ್ಕ ಹಾಕಿ ಕೂರುತ್ತಿದ್ದೆ. ಸಿಕ್ಕಿದ್ದೆಲ್ಲ ಬಾಲ ಮತ್ತು ಬೆನ್ನು. ಆಸ್ಪ್ರೇ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ರೆಕ್ಕೆ ಬಡಿಯುತ್ತಾ ಒಂದೆಡೆ ನಿಲ್ಲುತ್ತದೆ. ಸೂರ್ಯ, ಗಾಳಿ ಎರಡೂ ನಿಮ್ಮ ಬೆನ್ನ ಹಿಂದಿದ್ದರೆ ಅದರ ಮುಖ ನಿಮ್ಮತ್ತ ಇರುತ್ತದೆ, ಹಳದಿ ಕಣ್ಣಿನಲ್ಲಿ ಬೆಳಕು ಹೊಳೆಯುತ್ತದೆ.

ಹಾಗೆ ನಿಂತ ಹಕ್ಕಿಯ ಕಾಲುಗಳನ್ನು ಗಮನಿಸಿ. ಅವು ಕೆಳಗೆ ಜೋತುಬಿದ್ದರೆ ಎರಗುವುದು ಹತ್ತಿರವಾಯಿತು ಎಂದರ್ಥ. ಫೋಕಸ್ ಅಷ್ಟರೊಳಗೆ ಕೂತಿರಬೇಕು. ಬೀಳಲು ಶುರುವಾದ ಮೇಲೆ ಹುಡುಕಹೊರಟರೆ ನೀರಿನ ಚಿತ್ರವಷ್ಟೇ ಸಿಗುತ್ತದೆ. ಕಡಲ ಹದ್ದುಗಳ ವರಸೆ ಬೇರೆ: ತಗ್ಗಿನಲ್ಲಿ ತೇಲಿ ಬಂದು ನೀರಿನ ಮೇಲ್ಮೈಯಿಂದ ಮೀನನ್ನು ಎತ್ತಿಕೊಂಡು ಹೋಗುತ್ತವೆ. ಆಸ್ಪ್ರೇ ಮಾತ್ರ ಕಾಲು ಮುಂದೆ ಚಾಚಿ ಸುಮಾರು ಒಂದು ಮೀಟರ್ ಆಳದವರೆಗೂ ಧುಮುಕುತ್ತದೆ.

ನೀರು ಚಿಮ್ಮಿದ ಕೂಡಲೇ ಬಹಳ ಮಂದಿ ಶಟರ್ ಗುಂಡಿಯಿಂದ ಬೆರಳು ತೆಗೆದುಬಿಡುತ್ತಾರೆ. ನನಗೆ ಪ್ರಿಯವಾದ ಗಳಿಗೆ ಅದರ ನಂತರದ್ದು. ತೊಯ್ದ ರೆಕ್ಕೆಗಳನ್ನು ಬಡಿಯುತ್ತಾ ಹೆಣಗಾಡಿ ಮೇಲೇಳುವ ಹಕ್ಕಿ, ಸ್ವಲ್ಪ ಎತ್ತರಕ್ಕೆ ಹೋದದ್ದೇ ಹಾರುತ್ತಲೇ ಮೈಯನ್ನೆಲ್ಲ ಕೊಡವುತ್ತದೆ. ಸುತ್ತ ಹನಿಗಳ ಬಳೆಯೇ ಏಳುತ್ತದೆ. ಆಮೇಲೆ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿ, ಒಂದು ಪಾದದ ಹಿಂದೆ ಇನ್ನೊಂದನ್ನು ಊರಿ ಹಿಡಿದುಕೊಳ್ಳುತ್ತದೆ. ಹೊರಬೆರಳು ಹಿಂದಕ್ಕೆ ತಿರುಗುವುದರಿಂದ ಮುಂದೆರಡು, ಹಿಂದೆರಡು ಬೆರಳುಗಳ ಹಿಡಿತ; ಅಂಗಾಲಿನಲ್ಲಿ ಸಣ್ಣ ಮುಳ್ಳುಗಳು. ಜಾರುವ ಮೀನೂ ಸುಲಭಕ್ಕೆ ತಪ್ಪಿಸಿಕೊಳ್ಳಲಾರದು. ಚಿತ್ರವನ್ನು ಹಿಗ್ಗಿಸಿದಾಗ ಆ ಬೆರಳುಗಳು ಸ್ಪಷ್ಟವಾಗಿ ಕಂಡ ದಿನ ನನಗೆ ಹಬ್ಬ.

ಶಟರ್ ವೇಗ 1/2500 ಸೆಕೆಂಡಿಗಿಂತ ಕಡಿಮೆಯಾಗದಿರಲಿ, ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒ ಆಟೋದಲ್ಲಿರಲಿ. ಹಿಂದೆ ಕಪ್ಪು ನೀರಿದ್ದರೆ ಕ್ಯಾಮೆರಾ ಮೋಸಹೋಗಿ ಬಿಳಿ ಹೊಟ್ಟೆಯನ್ನು ವಿವರವೇ ಕಾಣದಷ್ಟು ಬೆಳ್ಳಗೆ ಸುಟ್ಟುಬಿಡುತ್ತದೆ. ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿ. ಚಿಮ್ಮುವ ನೀರಿಗೆ ಫೋಕಸ್ ಹಾರಿಹೋಗದಂತೆ ಆಟೋಫೋಕಸ್‌ನ ಚುರುಕನ್ನು ಒಂದು ಹಂತ ತಗ್ಗಿಸಿ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಅಲುಗಾಡುತ್ತದೆ. ನಿಮ್ಮ ಮಸುಕಿಗೆ ಅದೂ ಕಾರಣವಿರಬಹುದು, ಅದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ. ಬೆಳಿಗ್ಗೆ ಬೇಗ ಹೋಗಿ.

ಗೂಡಿನ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ. ತಾಯಿ ಹೆದರಿ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ, ಬಿಸಿಲಿನಲ್ಲಿ ಮರಿಗೆ ನೆರಳು ತಪ್ಪುತ್ತದೆ. ಹಕ್ಕಿ ನಿಮ್ಮನ್ನೇ ದಿಟ್ಟಿಸುತ್ತಾ ಮತ್ತೆ ಮತ್ತೆ ಸಿಳ್ಳೆಯಂತೆ ಕೂಗತೊಡಗಿದರೆ ಆಗಲೇ ಅತಿಯಾಗಿ ಹತ್ತಿರ ಬಂದಿದ್ದೀರಿ. ಕ್ಯಾಮೆರಾ ಇಳಿಸಿ, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿ.