ಅಜ್ಜಿಯ ಪರಮಪದ ಸೋಪಾನ ಪಟದಲ್ಲಿ ವೈಕುಂಠ ಕೊನೆಯ ಮನೆಯಲ್ಲಿಲ್ಲ ಏಕೆ?

ಅದು ಬಹುಶಃ ಅಚ್ಚಿನ ದೋಷವಲ್ಲ. ಪರಮಪದ ಸೋಪಾನ ಎಂದರೆ ಹಾವು ಏಣಿಯಾಟದ ಹಳೆಯ, ಭಕ್ತಿಯ ರೂಪ. ಅಂಗಡಿಯ ನೂರು ಮನೆಗಳ ಹಾವು ಏಣಿಯ ಲೆಕ್ಕದಲ್ಲಿ ನೀವು ಪಟವನ್ನು ಓದುತ್ತಿರುವುದೇ ಗೊಂದಲಕ್ಕೆ ಕಾರಣ. ಹಳೆಯ ಪಟಗಳಲ್ಲಿ ಮನೆಗಳ ಸಂಖ್ಯೆ ಒಂದೇ ಆಗಿರುವುದಿಲ್ಲ. ಉತ್ತರ ಭಾರತದ ವೈಷ್ಣವ ಪಟದಲ್ಲಿ 72, ಜೈನರದರಲ್ಲಿ 84. ಆ 72ರ ಪಟದಲ್ಲಿ ಗುರಿಯಾದ ವೈಕುಂಠ 68ನೆಯ ಮನೆ; ಅದನ್ನು ದಾಟಿ 72ಕ್ಕೆ ಹೋದವನನ್ನು ತಮೋಗುಣದ ಹಾವು ಕೆಳಗಿಳಿಸುತ್ತದೆ. ಗುರಿಯನ್ನು ಮೀರಿ ಓಡುವುದೂ ಒಂದು ಪತನ ಎಂಬ ಈ ಕಲ್ಪನೆ ನನಗಂತೂ ಬಹಳ ಇಷ್ಟ.

ಮೊದಲು ಮನೆಗಳನ್ನು ಎಣಿಸಿ. ಬಳಿಕ ವೈಕುಂಠ ಎಲ್ಲಿದೆ ಎಂದು ಗುರುತು ಹಾಕಿ ಅದನ್ನೇ ಗೆಲುವಿನ ಮನೆ ಎಂದುಕೊಳ್ಳಿ. ಆಮೇಲೆ ಹಾವಿನ ತಲೆ, ಏಣಿಯ ಬುಡ ಇರುವ ಮನೆಗಳ ಹೆಸರುಗಳನ್ನು ಮಾತ್ರ ಬರೆದುಕೊಳ್ಳಿ. ಅರ್ಥವೆಲ್ಲ ಅಲ್ಲಿಯೇ ಇದೆ: ಮದ, ಮತ್ಸರದಂಥವು ಕಚ್ಚುತ್ತವೆ, ದಾನ, ಭಕ್ತಿಯಂಥವು ಏರಿಸುತ್ತವೆ. ಮಾಸಿದ ಅಕ್ಷರವನ್ನು ಊಹಿಸಿ ತಿದ್ದಬೇಡಿ, ಖಾಲಿ ಬಿಡಿ.

ಮಕ್ಕಳಿಗೆ ಮೊದಲೇ ಉಪನ್ಯಾಸ ಬೇಡ. ಕಾಯಿ ಜಾರಿದಾಗ ಆ ಮನೆಯ ಹೆಸರನ್ನು ಅವರಿಂದಲೇ ಓದಿಸಿ. ದಾಳ ಕರ್ಮಫಲವಾದರೆ ನಮ್ಮ ಕೈಯಲ್ಲೇನಿದೆ ಎಂದು ನನ್ನ ಮಗಳು ಕೇಳಿದ್ದಳು. ನನ್ನ ಉತ್ತರ ಅವಳಿಗೆ ಒಪ್ಪಿಗೆಯಾಗಲಿಲ್ಲ.

ವೈಕುಂಠ ಏಕಾದಶಿಯ ಜಾಗರಣೆಗೆ ಆಡುವ ರೂಢಿ ಇದೆ, ಉಳಿದ ದಿನ ಆಡಿದರೆ ತಪ್ಪೇನಿಲ್ಲ. ಮೂಲ ಪಟಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ. ಬೆಂಗಳೂರಿನ ಅವೆನ್ಯೂ ರಸ್ತೆ ಕಡೆ ದೊಡ್ಡ ಅಳತೆಯ ಜೆರಾಕ್ಸ್ ತೆಗೆಸಿ, ಅದರ ಮೇಲೆ ಆಡಿ.