ಕಲಬುರಗಿಯಲ್ಲಿ ಮನೆಯನ್ನು ಮಧ್ಯಾಹ್ನ ಎರಡಕ್ಕೆ ನೋಡಿ

ಪ್ರಶ್ನೆ: ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದೆ. ಏಪ್ರಿಲ್ ಮಧ್ಯದಲ್ಲಿ ಸೇರಬೇಕು. ಹುಟ್ಟಿ ಬೆಳೆದದ್ದೆಲ್ಲ ಮೈಸೂರಿನಲ್ಲಿ. ಪತಿ ಮನೆಯಿಂದಲೇ ಕೆಲಸ ಮಾಡುತ್ತಾರೆ. ಮಗಳು ನಾಲ್ಕನೇ ತರಗತಿ ಮುಗಿಸಿದ್ದಾಳೆ. ಅತ್ತೆಗೆ ಎಪ್ಪತ್ತು ದಾಟಿದೆ, ಹೃದಯದ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಎಲ್ಲರೂ ಒಟ್ಟಿಗೇ ಹೊರಟುಬಿಡೋಣ ಎನ್ನುತ್ತಾರೆ ಪತಿ. ಅಲ್ಲಿನ ಬಿಸಿಲಿನ ಮಾತು ಕೇಳಿಯೇ ನನಗೆ ದಿಗಿಲಾಗಿದೆ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ತಂಗಿ, ಮೊದಲು ನೀವೊಬ್ಬರೇ ಬನ್ನಿ. ಅತ್ತೆ, ಮಗಳು, ಸಾಮಾನು ಎಲ್ಲ ಮೇ ಕೊನೆಗೆ ಬರಲಿ. ನಡುವಿನ ಐದಾರು ವಾರಕ್ಕೆ ಒಂದು ಕೋಣೆ, ಊಟಕ್ಕೊಂದು ಖಾನಾವಳಿ ಸಾಕು. ಏಕೆಂದರೆ ಮನೆ ಹುಡುಕಲು ಇಲ್ಲಿ ಮೇ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ಉಷ್ಣಾಂಶ 42 ಡಿಗ್ರಿ ದಾಟುವ ಆ ದಿನಗಳಲ್ಲಿ ಯಾವ ಮನೆಯ ಗುಟ್ಟೂ ಉಳಿಯುವುದಿಲ್ಲ.

ವರ್ಗವಾಗಿ ಬರುವ ನೌಕರರಿಗೆ ಇಲ್ಲಿ ನೆಲೆ ಹೊಂದಿಸಿಕೊಡುವ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ನಾನೇ ಮೊದಲು ಬಂದಾಗ ಡಿಸೆಂಬರಿನ ತಂಪು ಸಂಜೆಯಲ್ಲಿ ನೋಡಿ, ಮೇಲಂತಸ್ತಿನ ಮನೆಯೊಂದನ್ನು ಹಿಡಿದಿದ್ದೆ. ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಗೆ ಪಶ್ಚಿಮದ ಗೋಡೆಗೆ ಅಂಗೈ ಇಟ್ಟರೆ ರೊಟ್ಟಿ ಬೇಯಿಸಿ ಇಳಿಸಿದ ಹಂಚು ಮುಟ್ಟಿದಂತಾಗುತ್ತಿತ್ತು. ಆ ಬೇಸಿಗೆಯಿಡೀ ನನ್ನ ತಾಯಿ ಸರಿಯಾಗಿ ನಿದ್ದೆ ಮಾಡಲಿಲ್ಲ. ನಿಮ್ಮ ಅತ್ತೆಯವರಿಗೆ ಹಾಗಾಗುವುದು ಬೇಡ.

ಮನೆಯನ್ನು ಮಧ್ಯಾಹ್ನ ಎರಡಕ್ಕೆ ನೋಡಿ. ತಲೆಯ ಮೇಲೆ ಇನ್ನೊಂದು ಅಂತಸ್ತು ಇರಲಿ, ಮಲಗುವ ಕೋಣೆ ಪಶ್ಚಿಮಕ್ಕೆ ಬೇಡ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಹಳೆಯ ಮನೆಯೆಂದು ಮೂಗು ಮುರಿಯದೆ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ನೋಡಿ.

ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು, ‘ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ?’ ಎಂದು. ನಿಮ್ಮ ನಲ್ಲಿ ಇಲ್ಲಿ ನಳ. ಇದನ್ನು ಮಾಲೀಕರ ಬದಲು ಪಕ್ಕದ ಮನೆಯ ಹೆಂಗಸರನ್ನು ಕೇಳಿ. ಸಂಪು ಎಷ್ಟು ದೊಡ್ಡದು, ಕೊಳವೆಬಾವಿ ಬೇಸಿಗೆಯಲ್ಲೂ ನೀರು ಕೊಡುತ್ತದೆಯೇ ಎಂಬುದೂ ತಿಳಿದಿರಲಿ. ಅಡುಗೆಗೆ, ಸ್ನಾನಕ್ಕೆ ಮಾತ್ರವಲ್ಲ, ತಂಪಿಗೂ ಇಲ್ಲಿ ನೀರೇ ಬೇಕು. ಕಲಬುರಗಿಯದು ಒಣ ಬಿಸಿಲು. ಕೂಲರಿನ ಒದ್ದೆ ಪ್ಯಾಡಿನ ನೀರು ಬೇಗ ಆವಿಯಾಗಿ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಪ್ರಯೋಜನಕ್ಕೆ ಬಾರದ ಕೂಲರ್ ಇಲ್ಲಿ ಮನೆಯನ್ನು ಕಾಪಾಡುತ್ತದೆ. ಅದನ್ನು ಕಿಟಕಿಯ ಹೊರಗೆ ಕೂರಿಸಿ, ಎದುರಿನ ಕಿಟಕಿಯನ್ನು ತೆರೆದಿಡಬೇಕು. ಎಲ್ಲ ಮುಚ್ಚಿಕೊಂಡರೆ ಕೋಣೆಯಲ್ಲಿ ಬರೀ ಸೆಕೆ. ಆದರೆ ಅದಕ್ಕೆ ದಿನವೂ ಕೊಡಗಟ್ಟಲೆ ನೀರು ಬೇಕು. ಸಂಪು ಚಿಕ್ಕದಿದ್ದರೆ ಕೂಲರಿಗೋ ಬಟ್ಟೆ ಒಗೆಯುವುದಕ್ಕೋ ಎಂಬ ಲೆಕ್ಕಾಚಾರ ಶುರುವಾಗುತ್ತದೆ.

ಕಡಗಂಚಿ ನಗರದಿಂದ ಸುಮಾರು 30 ಕಿ.ಮೀ. ದೂರ, ಆಳಂದ ರಸ್ತೆಯಲ್ಲಿದೆ. ಮನೆಯೂ ಆ ದಿಕ್ಕಿನಲ್ಲೇ ಇರಲಿ. ಸೇಡಂ ರಸ್ತೆಯಲ್ಲಿ ಎಷ್ಟೇ ಚೆಂದದ ಮನೆ ತೋರಿಸಿದರೂ, ದಿನಕ್ಕೆರಡು ಸಲ ಇಡೀ ಊರು ದಾಟುವ ದಣಿವನ್ನು ನೆನೆಸಿಕೊಳ್ಳಿ.

ಅತ್ತೆಯವರ ಬಗ್ಗೆ ಧೈರ್ಯವಾಗಿರಿ. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಮೈಸೂರಿನಂತೆ ಕಲಬುರಗಿಯಲ್ಲೂ ಇದೆ. ಹೊರಡುವ ಮುನ್ನ ಈಗಿನ ವೈದ್ಯರನ್ನೊಮ್ಮೆ ಕಂಡು, ಬಿಸಿಲಿನ ನಾಡಿಗೆ ಹೋಗುತ್ತಿದ್ದೇವೆ ಎಂದು ಹೇಳಿ. ಮೂತ್ರ ಹೆಚ್ಚಿಸುವ ಮಾತ್ರೆಯೇನಾದರೂ ಇದ್ದರೆ ನೀರು ಎಷ್ಟು ಕುಡಿಯಬೇಕೆಂದು ಅವರೇ ಹೇಳಬೇಕು, ಅಂದಾಜು ಬೇಡ. ಹಳೆಯ ಇಸಿಜಿ, ವರದಿಗಳು, ಒಂದು ತಿಂಗಳ ಮಾತ್ರೆ ನಿಮ್ಮ ಕೈಚೀಲದಲ್ಲೇ ಇರಲಿ, ಲಾರಿಗೆ ಹಾಕಬೇಡಿ.

ಮಗಳ ವರ್ಗಾವಣೆ ಪತ್ರಕ್ಕೆ ಈಗಲೇ ಅರ್ಜಿ ಕೊಡಿ, ಶಾಲಾ ದಾಖಲೆಯಲ್ಲಿ ಅವಳಿಗಿರುವ ಗುರುತಿನ ಸಂಖ್ಯೆಯಾದ ಸ್ಯಾಟ್ಸ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಶಾಲೆಯನ್ನು ಏಪ್ರಿಲ್‌ನಲ್ಲೇ ನೋಡಿ ಸೀಟು ಖಚಿತಪಡಿಸಿಕೊಂಡರೆ ಮನೆ ಹುಡುಕುವ ವ್ಯಾಪ್ತಿಯೂ ಕಿರಿದಾಗುತ್ತದೆ. ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲಿ ತರುವಂತಿಲ್ಲ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆ ಚೀಟಿ ಪಡೆಯಿರಿ. ಸ್ಕೂಟರ್ ಇದ್ದರೆ ರಾಜ್ಯದೊಳಗೇ ಬರುವುದರಿಂದ ಮರುನೋಂದಣಿ ಬೇಡ, ವಿಳಾಸ ಬದಲಿಸಿದರಾಯಿತು. ಬೇಸಿಗೆಯಲ್ಲಿ ಈ ಭಾಗದ ರಾಜ್ಯ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ತೆರೆದಿರುತ್ತವೆ. ಊಟ ಮುಗಿಸಿ ಹೋದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ.

ಮನೆಯವರನ್ನು ಬೆಂಗಳೂರಿನಿಂದ ರಾತ್ರಿ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕರೆತನ್ನಿ, ಬಿಸಿಲೇರುವ ಮೊದಲೇ ಕಲಬುರಗಿ ತಲುಪುತ್ತೀರಿ. ಅತ್ತೆಯವರಿಗೆ ಕೆಳಗಿನ ಬರ್ತ್ ಕೇಳಲು ಮರೆಯಬೇಡಿ. ಲಾರಿ ಅದಕ್ಕೂ ಒಂದು ದಿನ ಮೊದಲು ಬರಲಿ, ಹಮಾಲರಿಗೆ ನಸುಕಿನಲ್ಲೇ ಬರಲು ಹೇಳಿ ಒಂಬತ್ತರೊಳಗೆ ಸಾಮಾನು ಇಳಿಸಿಕೊಳ್ಳಿ. ಅವರಿಗೆ ಒಂದು ಕೊಡ ತಣ್ಣೀರು ಇಟ್ಟಿರಿ. ಆ ದಿನ ಬೇರೇನೂ ಬಿಚ್ಚದಿದ್ದರೂ ಸರಿ, ಕೂಲರ್ ಕೂರಿಸಿ, ಸಂಪು ತುಂಬಿಸಿ, ಅತ್ತೆಯವರ ಹಾಸಿಗೆ ಹಾಸಿಡಿ.